ಪಟ್ಟಿ ಬೇಕಂತೆ, ಪಟ್ಟಿ!

ಕತ್ತರಿಯ ತಿರುಪು ಸಡಿಲವಾದಾಗ ಬರುವಷ್ಟು ಸಿಟ್ಟು ನನಗೆ ಬೇರೆ ಯಾವುದಕ್ಕೂ ಬರುವುದಿಲ್ಲ. ಅಲಗುಗಳ ನಡುವೆ ಸಂದು ಬಿಟ್ಟಿತೋ, ಹಾಳೆ ತುಂಡಾಗುವುದಿಲ್ಲ. ಮೆತ್ತಗೆ ಬಾಗಿ, ಸಂದಿನಲ್ಲಿ ಮಡಚಿ ಕೂರುತ್ತದೆ. ಜಾಸ್ತಿ ಒತ್ತಿದರೆ ಬೇಡದ ಕಡೆ ಹರಿಯುತ್ತದೆ. ಸರಿಯಾಗಿ ಅಂಥ ಹೊತ್ತಿಗೇ ಎಂಜಿನಿಯರಿಂಗ್ ಓದುವ ಅಕ್ಕನ ಮಗ ಬಂದು, "ಮಾವ, ಶಿಯರ್‌ನಲ್ಲಿ ಎಷ್ಟು ವಿಧ?" ಎಂದ. ಶಿಯರ್ ಅಂದರೆ ಕತ್ತರಿಯ ಅಲಗುಗಳ ಹಾಗೆ ಅಕ್ಕಪಕ್ಕದ ಪದರಗಳನ್ನು ಎದುರುಬದುರು ಜಾರಿಸಲು ನೋಡುವ ಬಲ.

"ಎಷ್ಟು ಮಾರ್ಕ್ಸಿಗೆ?" ಎಂದೆ.

ಹತ್ತಕ್ಕಂತೆ. ಹತ್ತು ಅಂದ ಮೇಲೆ ಪಟ್ಟಿ ಬೇಕೇ ಬೇಕು. ನೇರ ಶಿಯರ್, ತೊಲೆ ಬಾಗುವಾಗಿನ ಶಿಯರ್, ತಿರುಚುವಾಗಿನ ಶಿಯರ್, ಕಂಬ ಸ್ಲ್ಯಾಬನ್ನೇ ತೂತು ಮಾಡಿಕೊಂಡು ಮೇಲೆ ಬರಲು ನೋಡುವ ಪಂಚಿಂಗ್ ಶಿಯರ್. ರಿವೆಟ್ಟಿಗೆ ಸಿಂಗಲ್ಲು, ಡಬಲ್ಲು ಅಂತ ಮತ್ತೆರಡು. ಬರೆದು ಕೆಳಗೆ ಗೆರೆ ಎಳೆದರೆ ಮುಗಿಯಿತು. ನನಗೆ ಈ ಪಟ್ಟಿ ಕಂಡರೇ ಆಗದು. ಇವೆಲ್ಲ ಹೊರೆ ಬರುವ ದಾರಿಗಳು, ಅಷ್ಟೆ. ಯಾವ ದಾರಿಯಲ್ಲಿ ಬಂದರೂ ಒಳಗೆ ಒಂದು ಪದರ ಪಕ್ಕದ ಪದರದ ಮೇಲೆ ಜಾರಲು ನೋಡುತ್ತದೆ.

ಇದನ್ನು ಹೇಳಲು ಹೋಗಿ ಎಂಜಿನಿಯರ್ ಝುರಾವ್‌ಸ್ಕಿಯ ಕತೆ ಶುರು ಮಾಡಿದೆ. 1840ರ ದಶಕ. ರಷ್ಯಾದಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಮಾಸ್ಕೋಗೆ ರೈಲುದಾರಿ ಹಾಕುತ್ತಿದ್ದರು. 1821ರಲ್ಲಿ ಹುಟ್ಟಿದ ದ್ಮಿತ್ರಿ ಝುರಾವ್‌ಸ್ಕಿ ಆಗಿನ್ನೂ ಹುಡುಗನೇ. ಅವನ ಪಾಲಿಗೆ ಬಂದದ್ದು ಮರದ ಸೇತುವೆಗಳು. ಓರೆಯಾಗಿ ಮರ, ನೆಟ್ಟಗೆ ಕಬ್ಬಿಣದ ಸರಳು. ಅಂಥ ಸೇತುವೆಗಳಲ್ಲಿ ಎಲ್ಲ ಸರಳೂ ಒಂದೇ ದಪ್ಪ ಇರುತ್ತಿದ್ದವು. ಆಧಾರದ ಹತ್ತಿರದ ಸರಳುಗಳಿಗೆ ಎಳೆತ ಜಾಸ್ತಿ ಎಂದು ಇವನ ಲೆಕ್ಕ ಹೇಳಿತು. ತೋರಿಸಿಕೊಡುವುದು ಹೇಗೆ? ಪುಟ್ಟದೊಂದು ಸೇತುವೆ ಮಾಡಿ, ಸರಳಿನ ಜಾಗದಲ್ಲಿ ಒಂದೇ ದಪ್ಪದ ತಂತಿ ಕಟ್ಟಿದ. ಮೇಲೆ ಭಾರ ಹೇರಿದ. ಆಮೇಲೆ ಪಿಟೀಲಿನ ಕಮಾನು ತಗೊಂಡು ಆ ತಂತಿಗಳ ಮೇಲೆ ಎಳೆದ! ತುದಿಯ ತಂತಿಗಳ ಸ್ವರ ನಡುವಿನವಕ್ಕಿಂತ ಮೇಲಿತ್ತು. ಎಳೆತ ಜಾಸ್ತಿಯಾದಷ್ಟೂ ಶ್ರುತಿ ಏರುತ್ತದಲ್ವಾ? ಅಳತೆಯ ಯಂತ್ರ ಬೇಡ, ಕಿವಿ ಸಾಕು.

ಅವನಿಗೆ ಮರದ ತೊಲೆಗಳ ಇನ್ನೊಂದು ಚಾಳಿಯೂ ಗೊತ್ತಿತ್ತು. ಭಾರ ಮೇಲಿನಿಂದ ಬಂದರೂ ತೊಲೆ ತುದಿಯಿಂದ ಒಳಕ್ಕೆ, ಎಳೆಯ ಉದ್ದಕ್ಕೇ ಸೀಳಬಹುದು. ಅಲ್ಲಿನ ಶಿಯರ್ ಎಷ್ಟೆಂದು ಹೇಳುವ ಸೂತ್ರ ಅವನದೇ. ಆಯತದ ತೊಲೆಯಾದರೆ ಮೇಲಂಚಿನಲ್ಲೂ ಕೆಳಅಂಚಿನಲ್ಲೂ ಸೊನ್ನೆ, ನಟ್ಟನಡುವೆ ಸರಾಸರಿಯ 1.5 ಪಟ್ಟು. ಅಕ್ಕನ ಮಗನ ಪುಸ್ತಕದಲ್ಲಿ ಸೂತ್ರ ಇದೆ, ಪಿಟೀಲು ಇಲ್ಲ. ಪುಸ್ತಕ ಬರೆಯುವವರಿಗೆ ಏನು ಬಂದಿದೆ ಧಾಡಿ?

"ಮಾವ, ಇದು ಸಿಲಬಸ್‌ನಲ್ಲಿ ಇಲ್ಲ."

ರೇಗಿತು. ಒಂದು ಸೀಮೆಸುಣ್ಣ ತಗೊಂಡು ಎರಡೂ ತುದಿ ಹಿಡಿದು ತಿರುಚಿದೆ. ಟಪ್ ಎಂದಿತು. ಮುರಿದ ಬಾಯಿ ಸಪಾಟಾಗಿರಲಿಲ್ಲ. ಸುಮಾರು 45 ಡಿಗ್ರಿ ಓರೆಯಲ್ಲಿ ಸುರುಳಿ ಸುತ್ತಿತ್ತು.

"ಇದು ಯಾವುದರಿಂದ ಮುರೀತು?"

"ಎರಡನೇ ಪುಟ, ಮೂರನೇದು. ತಿರುಚುವ ಶಿಯರ್."

"ಅಲ್ಲವೋ! ತಿರುಚಿದ್ದು ಹೌದು. ಮುರಿದದ್ದು ಓರೆಯಾಗಿ ಬಿದ್ದ ಎಳೆತಕ್ಕೆ. ಸೀಮೆಸುಣ್ಣ ಎಳೆತ ತಡೆಯಲ್ಲ. ಮೆದು ಉಕ್ಕಾಗಿದ್ದರೆ ಶಿಯರ್‌ಗೇ ಸೋತು, ಅಡ್ಡಕ್ಕೆ ಸಪಾಟಾಗಿ ತುಂಡಾಗ್ತಿತ್ತು."

ಅವನು ಎರಡೂ ಚೂರುಗಳನ್ನು ಜೋಡಿಸಿ, ಬಿಡಿಸಿ, ಮತ್ತೆ ಜೋಡಿಸಿ ನೋಡಿದ. ಈಗ ತಲೆಗೆ ಹೋಯಿತು ಅಂದುಕೊಂಡೆ. ಪೆನ್ನಿನ ಮುಚ್ಚಳ ತೆಗೆದ.

"ಹಾಗಾದ್ರೆ ಸೀಮೆಸುಣ್ಣದ ಶಿಯರ್ ಅಂತ ಇನ್ನೊಂದು ಸೇರಿಸಲಾ ಮಾವ?"