ಎರಡು ಬೆರಳಿನಷ್ಟು ಗಾಳಿ

ನಿನ್ನೆ ರಾತ್ರಿ ಎರಡೂವರೆಗೆ ನೀರು ಕುಡಿಯಲು ಎದ್ದವನು ಕತ್ತಲಲ್ಲಿ ಜೋಳದ ಚೀಲದ ಪಕ್ಕ ತಣ್ಣಗಿನದೇನನ್ನೋ ತುಳಿದೆ. ಅದು ಮಿಸುಕಿತು. ನಾನು ಕೂಗಿದ ಕೂಗಿಗೆ ಓಣಿಯ ನಾಯಿಗಳೆಲ್ಲ ಎದ್ದವು. ಹೆಂಡತಿ ಪೊರಕೆ ಹಿಡಿದು ಬಂದಳು, ಎದುರು ಮನೆಯವರು ಟಾರ್ಚು, ಕೋಲು ಎರಡನ್ನೂ ತಂದರು. ಬೆಳಕು ಬಿದ್ದಾಗ ಕಂಡದ್ದು ಹಾವಲ್ಲ. ಸಾವಿರಗಟ್ಟಲೆ ಸುರಿದು ತಂದು ಪಡಸಾಲೆಯ ತೊಟ್ಟಿಯಲ್ಲಿ ಸಾಕಿರುವ ನನ್ನ ಬಿಚಿರ್, ಹಾವಿನಂತೆ ಉದ್ದನೆಯ ಆಫ್ರಿಕಾದ ಮೀನು. ಬೆನ್ನ ಮೇಲೆ ಗರಗಸದ ಹಲ್ಲಿನಂತೆ ಸಾಲು ರೆಕ್ಕೆ, ಮೈತುಂಬ ಜೋಳದ ಹೊಟ್ಟು. ಎದೆಯ ರೆಕ್ಕೆಗಳನ್ನು ನೆಲಕ್ಕೆ ಊರಿ ಅಡುಗೆಮನೆಯ ಕಡೆ ಹೊರಟಿತ್ತು. ಅದರ ಹುರುಪೆ ಕವಚದಷ್ಟು ಗಟ್ಟಿ. ನಾನು ತುಳಿದದ್ದು ಅದಕ್ಕೆ ತಿಳಿದಂತೆಯೂ ಕಾಣಲಿಲ್ಲ.

"ಏನಾಗಿಲ್ಲ, ಗಾಳಿಗೆ ಬಂದಿದೆ" ಎಂದರು ಅಪ್ಪ, ಕುರ್ಚಿಯಿಂದ ಏಳದೆ.

ತಪ್ಪು ನನ್ನ ಬಾಯಿಯದೇ. ಈ ಮೀನಿಗೆ ಕಿವಿರಿನ ಜೊತೆ ಎರಡು ಶ್ವಾಸಕೋಶಗಳೂ ಇವೆ, ಮೇಲೆ ಬಂದು ಗಾಳಿ ಎಳೆದುಕೊಳ್ಳುತ್ತದೆ ಎಂದು ಅಪ್ಪನಿಗೆ ವಿವರಿಸಿದವನು ನಾನು. "ಮುಚ್ಚಳ ಹಾಕಿದರೆ ಉಸಿರು ಕಟ್ಟುವುದಿಲ್ಲವೇನಪ್ಪಾ?" ಎಂದರು. ನೀರಿಗೂ ಮುಚ್ಚಳಕ್ಕೂ ನಡುವೆ ಜಾಗ ಬಿಟ್ಟಿದ್ದೇನೆ, ಅಲ್ಲಿ ಗಾಳಿ ಇದೆ ಎಂದೆ. "ಅದು ನಿನ್ನೆಯ ಗಾಳಿ" ಎಂದರು. 42 ಡಿಗ್ರಿ ಬಿಸಿಲು ಕಂಡ ಬಳ್ಳಾರಿಯಲ್ಲಿ, ಅದೂ ಕರೆಂಟ್ ಹೋದ ರಾತ್ರಿ, ಈ ಮಾತಿಗೆ ಎದುರಾಡುವುದು ಕಷ್ಟ. ಅಂದಿನಿಂದ ನಾನು ಮಲಗುವ ಮುನ್ನ ಮುಚ್ಚುತ್ತೇನೆ. ಅವರು ಎರಡು ಬೆರಳಿನಷ್ಟು ಸರಿಸುತ್ತಾರೆ. ಟೇಪ್ ಅಂಟಿಸಿದೆ. ಬಿಡಿಸಿ ಹರಿದ ಪಂಚಾಂಗಕ್ಕೆ ಅಂಟಿಸಿಕೊಂಡರು. ದಪ್ಪನೆಯ ನಿಘಂಟು ಇಟ್ಟೆ. ಓದಲು ತೆಗೆದುಕೊಂಡರು, ಈಗ 'ಕ' ಅಕ್ಷರದಲ್ಲಿದ್ದಾರೆ.

2014ರಲ್ಲಿ ಕೆನಡಾದ ವಿಜ್ಞಾನಿಗಳು ಬಿಚಿರ್ ಮರಿಗಳನ್ನು ಸುಮಾರು ಎಂಟು ತಿಂಗಳು ನೆಲದ ಮೇಲೆ ಬೆಳೆಸಿ, ಅವು ತಲೆ ಎತ್ತಿ ಚೆನ್ನಾಗಿ ನಡೆಯಲು ಕಲಿತದ್ದನ್ನು ಪ್ರಕಟಿಸಿದರು. ಅವರಿಗೆ ಪ್ರಯೋಗಾಲಯ ಬೇಕಾಯಿತು. ನಮ್ಮಲ್ಲಿ ಎರಡು ಬೆರಳಿಗೇ ಮುಗಿಯಿತು.

ಇದು ತೊಟ್ಟಿಯಲ್ಲಿ ಹುಟ್ಟಿದ ಮೀನೂ ಅಲ್ಲ. ನೈಜೀರಿಯಾದ ನದಿಯಲ್ಲಿ ಬಲೆಗೆ ಬಿದ್ದದ್ದು ಎಂದು ಅಂಗಡಿಯವನು ಹೆಮ್ಮೆಯಿಂದ ಹೇಳಿದ್ದ. ಆ ಹೆಮ್ಮೆಗೆ ಬೆಲೆ ತೆರುತ್ತಿರುವವನು ನಾನು. ಡಬ್ಬಿಯ ಆಹಾರದ ಕಾಳನ್ನು ಅದು ಮೂಸಿಯೂ ನೋಡುವುದಿಲ್ಲ, ಎರೆಹುಳುವೇ ಆಗಬೇಕು. ನಮ್ಮದು ಹೆಸರಿಗೆ ಎರೆಭೂಮಿ. ಮೇ ತಿಂಗಳಲ್ಲಿ ಕೈ ತೂರುವಷ್ಟು ಬಿರುಕು ಸಿಗುತ್ತದೆಯೇ ಹೊರತು ಹುಳು ಸಿಗುವುದಿಲ್ಲ. ಕಾಲುವೆ ಪಕ್ಕ ಗುದ್ದಲಿ ಹಿಡಿದು ಅಗೆಯುತ್ತಿದ್ದರೆ ಹೋಗುವವರೆಲ್ಲ ಬೈಕ್ ನಿಲ್ಲಿಸಿ, "ಏನು ಸರ್, ಅದಿರು ಸಿಕ್ಕಿತೇ? ಪರ್ಮಿಟ್ ಇದೆಯೇ?" ಎನ್ನುತ್ತಾರೆ. ಇನ್ನು ನಲ್ಲಿಯಲ್ಲಿ ನೀರು ಬಂದ ದಿನ ಮೊದಲ ನಾಲ್ಕು ಕೊಡ ಯಾರ ಪಾಲಾಗುತ್ತದೆ ಎಂಬುದನ್ನು ಹೆಂಡತಿಯ ಬಾಯಿಯಿಂದಲೇ ಕೇಳಬೇಕು.

ಒದ್ದೆ ಟವೆಲಿನಲ್ಲಿ ಸುತ್ತಿ ಮೀನನ್ನು ಮತ್ತೆ ನೀರಿಗೆ ಬಿಟ್ಟೆ. ತಳದಲ್ಲಿ ಕುಳಿತು, ಏನೂ ನಡೆದೇ ಇಲ್ಲವೆಂಬಂತೆ ನನ್ನನ್ನೇ ನೋಡಿತು. ನೋಡಿತೋ ಇಲ್ಲವೋ, ಅದಕ್ಕೆ ಕಣ್ಣು ಮಂದ, ಮೂಗೇ ದಾರಿ. ಹಗಲೆಲ್ಲ ಬಿದ್ದುಕೊಂಡಿದ್ದು ರಾತ್ರಿ ಎದ್ದು ಓಡಾಡುವ ಜೀವ. ಅಮ್ಮ ಹೋದ ಮೇಲೆ ಅಪ್ಪನಿಗೂ ಹಾಗೆಯೇ, ನಿದ್ದೆ ಇಲ್ಲ. ನಡುರಾತ್ರಿ ಮೀನು ಮೇಲೆ ಬಂದು 'ಗುಳುಕ್' ಎಂದಾಗ ಅಪ್ಪ ಕುರ್ಚಿಯಲ್ಲಿ 'ಹೂಂ' ಎನ್ನುವುದನ್ನು ಎಷ್ಟೋ ಸಲ ಕೇಳಿದ್ದೇನೆ.

ಆದರೂ ಇವತ್ತು ಬಿಡುವುದಿಲ್ಲ ಎಂದು ಮುಚ್ಚಳದ ಮೇಲೆ ಎರಡು ಇಟ್ಟಿಗೆ ಹೇರಿ ಬಂದು ಇದನ್ನು ಬರೆಯಲು ಕುಳಿತಿದ್ದೇನೆ. ಪಡಸಾಲೆಯಲ್ಲಿ ಯಾರೋ ಇಟ್ಟಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟ ಸದ್ದಾಯಿತು. ಈಗ ಎರಡನೆಯದು.