ಒಂದು ಬಾಲಿಗೆ ಇಪ್ಪತ್ತೆರಡು

ಕ್ರಿಕೆಟ್ ಆಡಳಿತಕ್ಕೆ ಆಟ ಆಡಿದವರೇ ಬರಬೇಕು, ಕಾನೂನು ಓದಿದ್ದರೆ ಇನ್ನೂ ಒಳ್ಳೆಯದು ಅಂತ ನಾವೆಲ್ಲ ಗಂಟಲು ಹರಿದುಕೊಂಡಿದ್ದೇ ಬಂತು. ಕೊನೆಗೆ ದೇವರಿಗೂ ಕೇಳಿಸಿತು. ಡೇವ್ ರಿಚರ್ಡ್‌ಸನ್ ಅವರನ್ನು ಕೊಟ್ಟ. ದಕ್ಷಿಣ ಆಫ್ರಿಕಾದ ವಿಕೆಟ್ ಕೀಪರ್, 42 ಟೆಸ್ಟ್, ಜೊತೆಗೆ ವಕೀಲರು. 2012ರಿಂದ 2019ರವರೆಗೆ ಐಸಿಸಿಯ, ಅಂದರೆ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಸಿಇಒ.

ಅವರಿಗೆ ಇನ್ನೊಂದು ಅರ್ಹತೆಯೂ ಇತ್ತು, ಬಯೋಡೇಟಾದಲ್ಲಿ ಹಾಕುವಂಥದ್ದಲ್ಲ. 1992ರ ಮಾರ್ಚ್ 22, ಸಿಡ್ನಿ, ವಿಶ್ವಕಪ್ ಸೆಮಿಫೈನಲ್. ಇಂಗ್ಲೆಂಡ್ ವಿರುದ್ಧ 13 ಬಾಲಿಗೆ 22 ರನ್ ಬೇಕು. ಕ್ರೀಸಿನಲ್ಲಿ ಬ್ರಯಾನ್ ಮೆಕ್‌ಮಿಲನ್ ಮತ್ತು ಇದೇ ರಿಚರ್ಡ್‌ಸನ್. ಸ್ವಲ್ಪ ಹೊತ್ತು ಮಳೆ ಬಂತು, ನಿಂತಿತು. ವಾಪಸ್ ಬಂದು ನೋಡಿದರೆ ಬೋರ್ಡಿನಲ್ಲಿ 1 ಬಾಲಿಗೆ 22! ನಿಜವಾಗಿ ಬೇಕಿದ್ದದ್ದು 21 ಅಂತೆ. ಒಂದು ರನ್ ಡಿಸ್ಕೌಂಟ್, ಧಾರಾಳ ಕೈ. ಮಳೆಗೆ ಎಷ್ಟು ಓವರ್ ಹೋದವೋ ಅಷ್ಟು, ಮೊದಲು ಆಡಿದವರಿಗೆ ಅತಿ ಕಡಿಮೆ ರನ್ ಬಂದ ಓವರುಗಳನ್ನು ಗುರಿಯಿಂದ ಕಳೆಯಬೇಕು ಅನ್ನುವುದು ಆಗಿನ ರೂಲ್. ಅಂದರೆ ದಕ್ಷಿಣ ಆಫ್ರಿಕಾದವರು ಬಿಗಿಯಾಗಿ ಬೌಲ್ ಮಾಡಿ ಮೇಡನ್ (ರನ್ ಕೊಡದ ಓವರ್) ಹಾಕಿದ್ದೇ ಅಪರಾಧ. ಮೆಕ್‌ಮಿಲನ್ ಒಂದು ರನ್ ತಟ್ಟಿದರು, ಮನೆಗೆ ನಡೆದರು. ಇನ್ನೊಂದು ತುದಿಯಲ್ಲಿ ನಾನ್‌ಸ್ಟ್ರೈಕರ್ ಆಗಿ ಬ್ಯಾಟ್ ಹಿಡಿದು ನಿಂತು ಅನ್ಯಾಯಕ್ಕೆ ಪ್ರತ್ಯಕ್ಷ ಸಾಕ್ಷಿಯಾದವರು ನಮ್ಮ ವಕೀಲರು.

ಇಂಥವರು ಮುಂದೆ ಅದೇ ಐಸಿಸಿಯ ಕುರ್ಚಿಯಲ್ಲಿ ಕೂತರೆ ಏನಾಗಬೇಕು? ಮಳೆ, ಟೈ, ಲೆಕ್ಕ ಅಂದರೆ ಮೈಯೆಲ್ಲ ಕಣ್ಣಾಗಿರಬೇಕು, ಅಲ್ವಾ?

2018ರ ಮಾರ್ಚ್ 21, ಹರಾರೆ. ವಿಶ್ವಕಪ್ ಅರ್ಹತಾ ಪಂದ್ಯ. ವೆಸ್ಟ್ ಇಂಡೀಸ್ 198ಕ್ಕೆ ಆಲೌಟ್. ಸ್ಕಾಟ್ಲೆಂಡ್ ಬೆನ್ನು ಹತ್ತಿದೆ. ಮತ್ತೆ ಮಳೆರಾಯ ಹಾಜರು. ಮಳೆ ಬಂದ ಪಂದ್ಯಕ್ಕೆ ಈಗ ಬಳಸುವ ಡಕ್‌ವರ್ತ್-ಲೂಯಿಸ್-ಸ್ಟರ್ನ್ ಲೆಕ್ಕದಲ್ಲಿ ಸ್ಕಾಟ್ಲೆಂಡ್‌ಗೆ 5 ರನ್ ಸೋಲು, ವಿಶ್ವಕಪ್ ಆಸೆ ನೀರುಪಾಲು. ಬ್ಯಾಟಿಂಗ್ ನಡುವೆ ಅನುಮಾನದ ಎಲ್‌ಬಿ ತೀರ್ಪೂ ಒಂದು ಬಂತು, ಕೇಳೋಣ ಅಂದರೆ ಅಂಪೈರ್ ತೀರ್ಪನ್ನು ಟಿವಿಯಲ್ಲಿ ಮರುಪರಿಶೀಲಿಸುವ ಡಿಆರ್‌ಎಸ್ ಇರಲಿಲ್ಲ. ನೂರಕ್ಕೂ ಹೆಚ್ಚು ಸದಸ್ಯ ದೇಶಗಳಿರುವ ಸಂಸ್ಥೆ 10 ತಂಡಗಳ ಕೂಟ ನಡೆಸಿ ಅದಕ್ಕೆ ವಿಶ್ವಕಪ್ ಅಂತ ಬೋರ್ಡ್ ಹಾಕಿತ್ತು. ಹಿಂದಿನ ಸಲ 14 ತಂಡ ಇದ್ದವು. ಬಹುಶಃ ವಿಶ್ವವೇ ಸಣ್ಣದಾಗಿರಬೇಕು.

ಮರುವರ್ಷ ಜುಲೈ 14, ಲಾರ್ಡ್ಸ್, ಫೈನಲ್. ಇಂಗ್ಲೆಂಡ್ 241, ನ್ಯೂಜಿಲೆಂಡ್ 241. ಟೈ ಆದಾಗ ಇಬ್ಬರಿಗೂ ಒಂದೊಂದು ಓವರ್ ಕೊಡುವ ಸೂಪರ್ ಓವರ್‌ನಲ್ಲಿ 15, 15. ಆಗ ರೂಲ್‌ಬುಕ್ ಬಿಚ್ಚಿದರು: ಯಾರು ಜಾಸ್ತಿ ಬೌಂಡರಿ ಹೊಡೆದಿದ್ದಾರೆ? ಇಂಗ್ಲೆಂಡ್ 26, ನ್ಯೂಜಿಲೆಂಡ್ 17. ಕಪ್ ಇಂಗ್ಲೆಂಡ್‌ಗೆ! ನ್ಯೂಜಿಲೆಂಡ್ ಕಳೆದುಕೊಂಡ ವಿಕೆಟ್ ಕಮ್ಮಿ, 10ಕ್ಕೆ 8. ಅದು ಲೆಕ್ಕಕ್ಕಿಲ್ಲ. ಓಡಿ ಓಡಿ ಕಾಲು ಸೋತದ್ದೂ ಲೆಕ್ಕಕ್ಕಿಲ್ಲ. ವರಪೂಜೆ ಮುಗಿದ ಮೇಲೆ ಜಾಸ್ತಿ ಹೋಳಿಗೆ ತಿಂದವನಿಗೇ ಹುಡುಗಿ ಅಂದ ಹಾಗಾಯಿತು.

ಈ ರೂಲನ್ನು ರಿಚರ್ಡ್‌ಸನ್ ಒಬ್ಬರೇ ಬರೆದದ್ದಲ್ಲ, ಪಾಪ. ಐಸಿಸಿಯಲ್ಲಿ ಯಾವುದನ್ನೂ ಯಾರೂ ಒಬ್ಬರೇ ಬರೆಯುವುದಿಲ್ಲ. ಸಮಿತಿ ಬರೆಯುತ್ತದೆ, ಮಂಡಳಿ ಒಪ್ಪುತ್ತದೆ. ಆಮೇಲೆ ಕೇಳಿದರೆ ಎಲ್ಲರೂ ನಾನ್‌ಸ್ಟ್ರೈಕರ್‌ಗಳೇ.

ವಿಶ್ವಕಪ್ ಮುಗಿಯಿತು, ಅವರ ಅವಧಿಯೂ ಮುಗಿಯಿತು. ಅಕ್ಟೋಬರ್‌ನಲ್ಲಿ ಐಸಿಸಿ ಬೌಂಡರಿ ಲೆಕ್ಕವನ್ನು ಕೈಬಿಟ್ಟಿತು. ಶಿಫಾರಸು ಮಾಡಿದ ಕ್ರಿಕೆಟ್ ಸಮಿತಿಗೆ ಆಗ ನಮ್ಮ ಅನಿಲ್ ಕುಂಬ್ಳೆಯೇ ಅಧ್ಯಕ್ಷರು. ವಕೀಲರ ಕಾಲದ ಗಂಟು ಬಿಚ್ಚಲು ಬೆಂಗಳೂರಿನ ಇಂಜಿನಿಯರ್ ಬೇಕಾಯಿತು ನೋಡಿ. ಇನ್ನು ಮುಂದೆ ಸೆಮಿಫೈನಲ್, ಫೈನಲ್‌ಗಳಲ್ಲಿ ಒಬ್ಬರು ಗೆಲ್ಲುವ ತನಕ ಸೂಪರ್ ಓವರ್ ಮೇಲೆ ಸೂಪರ್ ಓವರ್.

ತಿದ್ದುಪಡಿ ಹಳೆಯ ಪಂದ್ಯಕ್ಕೆ ಅನ್ವಯಿಸುವುದಿಲ್ಲ, ಅದು ಬೇರೆ ಮಾತು. ಫೈನಲ್‌ನಲ್ಲಿ ನ್ಯೂಜಿಲೆಂಡ್ ನಾಯಕರಾಗಿದ್ದ ಕೇನ್ ವಿಲಿಯಮ್ಸನ್‌ಗೆ ಸಂಶಯವಿದ್ದರೆ ಒಳ್ಳೆಯ ವಕೀಲರನ್ನು ಕೇಳಬಹುದು. ಒಬ್ಬರು ಆಗತಾನೆ ಕೆಲಸ ಬಿಟ್ಟು ಬಿಡುವಾಗಿದ್ದರು.