ಮುಕ್ಕಿಲ್ಲ, ಬಿರುಕಿಲ್ಲ, ಫೋಟೋ ನೋಡಿ

ಹಳೆಯ ಗಾಜನ್ನು ಕಣ್ಣಿಂದ ಕೊಳ್ಳಬಾರದು, ಉಗುರಿನಿಂದ ಕೊಳ್ಳಬೇಕು. ಗಾಜು ಕೂಡಿಡುವ ಹುಚ್ಚು ಹತ್ತಿದ ಯಾರನ್ನು ಬೇಕಾದರೂ ಕೇಳಿ, ಇದನ್ನೇ ಹೇಳುತ್ತಾರೆ. ಹೂದಾನಿ ಕೈಗೆ ಬಂದ ತಕ್ಷಣ ಅವರು ಬಣ್ಣ ನೋಡುವುದಿಲ್ಲ, ಚಿತ್ತಾರ ನೋಡುವುದಿಲ್ಲ. ಹೆಬ್ಬೆರಳಿನ ಉಗುರನ್ನು ಬಾಯಿಯ ಅಂಚಿನ ಮೇಲೆ ಮೆಲ್ಲಗೆ ಒಂದು ಸುತ್ತು ಎಳೆಯುತ್ತಾರೆ. ಎಲ್ಲೋ ಒಂದು ಕಡೆ ಟಿಕ್ ಅಂತ ಉಗುರು ಸಿಕ್ಕಿಕೊಂಡರೆ ಅಲ್ಲಿ ಮುಕ್ಕಿದೆ. ಕಣ್ಣು ತಪ್ಪಿಸಿಕೊಂಡ ಮುಕ್ಕು ಉಗುರಿಗೆ ಸಿಗದೆ ಇರುವುದಿಲ್ಲ. ಆಮೇಲೆ ಬೆರಳಿನ ಗೆಣ್ಣಿನಿಂದ ಹಗುರವಾಗಿ ತಟ್ಟುತ್ತಾರೆ. ಸೀಸ ಬೆರೆಸಿದ ಗಾಜಾದರೆ ಒಂದಿಷ್ಟು ಹೊತ್ತು ನಾದ ಹಿಡಿದು ನಿಲ್ಲಬೇಕು. ಮೊಂಡು ಸದ್ದು ಬಂದರೆ ಎಲ್ಲೋ ಬಿರುಕಿದೆ ಅಂತ ಲೆಕ್ಕ.

ಆನ್‌ಲೈನ್ ಹರಾಜಿನಲ್ಲಿ ಈ ಉಗುರಿಗೆ ಕೆಲಸವೇ ಇಲ್ಲ. ಮೊಬೈಲ್ ಪರದೆಯನ್ನು ಎಷ್ಟು ಉಜ್ಜಿದರೂ ಫೋಟೋ ದೊಡ್ಡದಾಗುತ್ತದೆ ಅಷ್ಟೇ. ಮುಟ್ಟದೆ, ತಟ್ಟದೆ, ತೂಕ ನೋಡದೆ, ಇನ್ಯಾರೋ ತೆಗೆದ ಫೋಟೋ ಮತ್ತು ಇನ್ಯಾರೋ ಬರೆದ ನಾಲ್ಕು ಸಾಲು ನಂಬಿ ದುಡ್ಡು ಕಳಿಸಬೇಕು. ಒಡೆಯುವುದೇ ಹುಟ್ಟುಗುಣವಾದ ಸಾಮಾನನ್ನು ಮುಖ ಪರಿಚಯ ಇಲ್ಲದವರಿಂದ ಕೊಂಡು, ಪಾರ್ಸೆಲ್ ಎಸೆಯುವವರ ಕೈಗೆ ಒಪ್ಪಿಸುವ ಈ ವ್ಯಾಪಾರ ಇಷ್ಟು ವರ್ಷ ನಡೆದುಕೊಂಡು ಬಂದಿದೆಯಲ್ಲ, ಅದೇ ಒಂದು ಪವಾಡ. ನಾನು ಅದರಲ್ಲಿ ಕೊಳ್ಳುತ್ತೇನೆ, ಕಪಾಟು ತುಂಬಿದಾಗ ಮಾರುತ್ತೇನೆ. ಕೊಳ್ಳುವಾಗ ನಾನು ಪೊಲೀಸು, ಮಾರುವಾಗ ವಕೀಲಿ.

ಪೊಲೀಸ್ ಕೆಲಸದಲ್ಲಿ ಮೊದಲು ನೋಡುವುದು ಹೆಬ್ಬೆರಳನ್ನು. ನನ್ನದಲ್ಲ, ಮಾರುವವರದ್ದು. ಎಲ್ಲ ಫೋಟೋಗಳಲ್ಲೂ ಅವರ ಹೆಬ್ಬೆರಳು ಅಂಚಿನ ಒಂದೇ ಜಾಗದಲ್ಲಿ ಕೂತಿದ್ದರೆ, ಮುಕ್ಕು ಅದರ ಕೆಳಗೇ ಇದೆ. ತಳದ ಫೋಟೋ ಇಲ್ಲದಿದ್ದರೆ ತಳದಲ್ಲೇ ಏನೋ ಇದೆ. ಕಿಟಕಿಯ ಬೆಳಕಿಗೆ ಹಿಡಿದು ತೆಗೆದರೆ ಎಂಥ ಕಳಪೆ ಗಾಜೂ ಮ್ಯೂಸಿಯಂನಿಂದ ಈಗಷ್ಟೇ ಇಳಿದು ಬಂದ ಹಾಗೆ ಕಾಣುತ್ತದೆ.

ಇಷ್ಟೆಲ್ಲ ನೋಡಿ ಕೊಂಡದ್ದೇ ಒಂದು ನೀಲಿ ಹೂದಾನಿ. ಕಪ್ಪು ಬಟ್ಟೆಯ ಮೇಲೆ ಒಂಟಿಯಾಗಿ, ರಾಜಗಾಂಭೀರ್ಯದಿಂದ ನಿಂತಿತ್ತು. ವಿವರದಲ್ಲಿ 'ಎತ್ತರ 6' ಅಂತ ಇತ್ತು. ಪಾರ್ಸೆಲ್ ದೊಡ್ಡದಾಗಿಯೇ ಬಂತು. ಬಿಚ್ಚಿದೆ, ಒಳಗೆ ಇನ್ನೊಂದು ಡಬ್ಬಿ. ಅದನ್ನು ಬಿಚ್ಚಿದೆ, ಕಾಗದ. ಕಾಗದದೊಳಗೆ ಕಾಗದ, ಅದರೊಳಗೆ ಬಬಲ್ ವ್ರ್ಯಾಪ್. ಅದರ ನಡುವೆ, ಹೆಬ್ಬೆರಳಿಗಿಂತ ಒಂಚೂರು ದಪ್ಪಗೆ ನಮ್ಮ ಹೂದಾನಿ. ಅದು 6 ಸೆಂಟಿಮೀಟರು. ಇಂಚೋ ಸೆಂಟಿಮೀಟರೋ ಬರೆದಿರಲಿಲ್ಲ, ಯಾಕೆ ಬರೆದಿರಲಿಲ್ಲ ಅಂತ ಈಗ ತಿಳಿಯಿತು. ನಮ್ಮನೆಯವರು ಅದನ್ನು ಅಂಗೈಮೇಲೆ ಇಟ್ಟುಕೊಂಡು ತಿರುಗಿಸಿ ನೋಡಿದರು.

"ಇದೇನೇ, ಸ್ಯಾಂಪಲ್ಲಾ? ದೊಡ್ಡದು ಹಿಂದೆ ಬರ್ತಿದೆಯಾ?"

ಗಾತ್ರದ ಮೋಸ ಹೋಗಲಿ, ಅದರಲ್ಲಿ ಅಷ್ಟೊಂದು ಕಲೆ ಇಲ್ಲ. ಕಲೆ ಇರುವುದು ಎಣ್ಣೆಯಲ್ಲಿ. ಗಾಜಿನೊಳಗೆ ಬಹಳ ಕಾಲ ನೀರು ನಿಂತರೆ ಅದರಲ್ಲಿನ ಕ್ಷಾರ ಮೆಲ್ಲಮೆಲ್ಲಗೆ ನೀರಿಗೆ ಇಳಿಯುತ್ತದೆ. ಒಳಮೈ ತರಿತರಿಯಾಗಿ ಬೆಳ್ಳಗಾಗುತ್ತದೆ. ಕೊಳೆಯಾಗಿದ್ದರೆ ತೊಳೆಯಬಹುದಿತ್ತು, ಇದು ಗಾಜಿನ ಮೈಯೇ ಸವೆದದ್ದು. ಗಾಜು ಕೂಡಿಡುವವರ ಬಾಯಲ್ಲಿ ಇದಕ್ಕೆ ಕಾಯಿಲೆ ಬಿದ್ದ ಗಾಜು ಅಂತ ಹೆಸರು. ಮತ್ತೆ ಪಾಲಿಶ್ ಹಿಡಿಸಬೇಕು, ಬೇರೆ ಮದ್ದಿಲ್ಲ. ಆದರೆ ಒಳಗೆ ತೆಳುವಾಗಿ ಎಣ್ಣೆ ಸವರಿದರೆ ಆ ತರಿಗಳೆಲ್ಲ ತುಂಬಿ, ಗಾಜು ಒಂದಷ್ಟು ದಿನ ತಿಳಿನೀರಿನ ಹಾಗೆ ಕಾಣುತ್ತದೆ. ಹರಾಜು ಮುಗಿಯಲು ಅಷ್ಟು ದಿನ ಸಾಕು.

ನನಗೆ ಬಂದ ಉದ್ದ ಕುತ್ತಿಗೆಯ ಹೂಜಿ ಹೀಗೇ ಥಳಥಳ ಹೊಳೆಯುತ್ತಿತ್ತು. ಸೋಪು ಹಾಕಿ ತೊಳೆದು ಬೋರಲು ಹಾಕಿದೆ. ಒಣಗಿದ ಮೇಲೆ ನೋಡಿದರೆ ಒಳಗೆಲ್ಲ ಮಂಜು. ಮಾರಿದವರಿಗೆ ಫೋಟೋ ಸಮೇತ ದೂರು ಬರೆದೆ. ಉತ್ತರ ತಕ್ಷಣ ಬಂತು, ಅದರಲ್ಲಿ ಸಿಟ್ಟು ಜಾಸ್ತಿ ಇತ್ತು: "ತೊಳೆಯಿರಿ ಅಂತ ನಿಮಗೆ ಹೇಳಿದವರು ಯಾರು?"

ಮಾರುವವರ ಮಾತುಗಳಲ್ಲಿ ನನಗೆ ಬಹಳ ಪ್ರಿಯವಾದದ್ದು, 'ನನಗೆ ಗಾಜಿನ ಬಗ್ಗೆ ಏನೂ ಗೊತ್ತಿಲ್ಲ, ಫೋಟೋ ನೋಡಿ ನೀವೇ ತೀರ್ಮಾನಿಸಿ' ಅನ್ನುವುದು. ಏನೂ ಗೊತ್ತಿಲ್ಲದ ಈ ಪಾಪದವರಿಗೆ ಕೆಲವು ವಿಷಯ ಮಾತ್ರ ಹೇಗೋ ಚೆನ್ನಾಗಿ ಗೊತ್ತಿರುತ್ತದೆ. ಫ್ರಾನ್ಸಿನ ಹೆಸರಾಂತ ಗಾಜಿನ ಕಲಾವಿದ ರೆನೆ ಲಲೀಕ್ ತೀರಿಕೊಂಡದ್ದು 1945ರಲ್ಲಿ. ಅಲ್ಲಿಯವರೆಗೆ ಗಾಜಿನ ಮೇಲೆ ಲಲೀಕ್ ಅನ್ನುವ ಹೆಸರಿಗೆ ಮೊದಲು 'ಆರ್' ಇರುತ್ತಿತ್ತು, ಆಮೇಲೆ ಅದನ್ನು ಬಿಟ್ಟರು. ಆರ್ ಇದ್ದರೆ ಬೆಲೆ ಬೇರೆ, ಇಲ್ಲದಿದ್ದರೆ ಬೇರೆ. ಹಾಗಾಗಿ ಹೆಸರಿನ ಮಿಕ್ಕ ಅಕ್ಷರಗಳೆಲ್ಲ ಸವೆದು ಮಸುಕಾಗಿ, ಆರ್ ಒಂದು ಮಾತ್ರ ನಿನ್ನೆ ಸಂಜೆ ಗೀರಿದಷ್ಟು ಹೊಸದಾಗಿ ಇರುವ ಹೂದಾನಿಗಳು ಆಗಾಗ ಹರಾಜಿಗೆ ಬರುತ್ತವೆ. ಕೆಳಗೆ ಅದೇ ಸಾಲು: ನನಗೆ ಏನೂ ಗೊತ್ತಿಲ್ಲ.

ಉಗುರು ಕೈಕೊಟ್ಟ ಕಡೆ ಟಾರ್ಚ್ ಕೈಹಿಡಿಯುತ್ತದೆ ಅನ್ನುವವರಿದ್ದಾರೆ. ಅದು ಯುರೇನಿಯಂ ಗಾಜಿನ ಪಂಗಡ. ಹೌದು, ಅದೇ ಯುರೇನಿಯಂ. ಹಿಂದೆ ಗಾಜಿಗೆ ಹಳದಿ, ಹಸಿರು ಬಣ್ಣ ಬರಲಿ ಅಂತ ಅದನ್ನು ಬೆರೆಸುತ್ತಿದ್ದರು. ಸಾಮಾನ್ಯವಾಗಿ ನೂರಕ್ಕೆ ಎರಡು ಭಾಗದಷ್ಟು, ಇಲ್ಲವೇ ಅದಕ್ಕೂ ಕಡಿಮೆ. ಅತಿನೇರಳೆ ಬೆಳಕು ಬಿಟ್ಟರೆ ಈ ಗಾಜು ಕತ್ತಲೆಯಲ್ಲಿ ಗಿಳಿಹಸಿರಾಗಿ ಉರಿಯುತ್ತದೆ. 1830ರ ದಶಕದಲ್ಲಿ ಬೊಹೆಮಿಯಾದ (ಈಗಿನ ಚೆಕ್ ದೇಶದ ಭಾಗ) ಯೋಸೆಫ್ ರೀಡೆಲ್ ಇದನ್ನು ಮಾಡಿ, ಹಳದಿಗೂ ಹಸಿರಿಗೂ ಹೆಂಡತಿ ಅನ್ನಾಳ ಹೆಸರನ್ನೇ ಇಟ್ಟ.

"ನೋಡ್ರೀ, ಕಟ್ಟಿಕೊಂಡವಳ ಹೆಸರನ್ನ ವಿಕಿರಣ ಬಿಡೋ ಗಾಜಿಗೆ ಇಟ್ಟಿದ್ದಾನೆ" ಅಂದೆ.

"ಅನುಭವ ಇದ್ದವನೇ" ಅಂದರು ನಮ್ಮನೆಯವರು, ಪೇಪರಿನಿಂದ ತಲೆ ಎತ್ತದೆ.

ಟಾರ್ಚ್ ತರಿಸಿದೆ. 365 ನ್ಯಾನೊಮೀಟರಿನ ಅತಿನೇರಳೆ ಬೆಳಕಿನದ್ದು, ಪಂಗಡದವರೆಲ್ಲ ಅದೇ ಆಗಬೇಕು ಅನ್ನುತ್ತಾರೆ. ಹರಾಜಿನಲ್ಲಿ ಬಂದ ಹಸಿರು ಬಟ್ಟಲನ್ನು ಮೇಜಿನ ಮೇಲಿಟ್ಟು, ಮನೆಯ ದೀಪಗಳನ್ನೆಲ್ಲ ಆರಿಸಿ, ಎಲ್ಲರನ್ನೂ ಸುತ್ತ ನಿಲ್ಲಿಸಿ ಬಿಟ್ಟೆ ನೋಡಿ ಬೆಳಕು. ಬಟ್ಟಲು ಸುಮ್ನೆ ಕೂತಿತ್ತು. ಹೊಳೆದದ್ದು ಮಗನ ಬಿಳಿ ಶರ್ಟು. ಬಟ್ಟೆ ತೊಳೆಯುವ ಪುಡಿಯಲ್ಲಿ ಬಿಳುಪು ಎದ್ದು ಕಾಣಲಿ ಅಂತ ಹಾಕುವ ಪದಾರ್ಥ ಈ ಬೆಳಕಿಗೆ ನೀಲಿಯಾಗಿ ಉರಿಯುತ್ತದಂತೆ. ಕಣ್ಣು ಇನ್ನಷ್ಟು ಕತ್ತಲೆಗೆ ಹೊಂದಿಕೊಂಡ ಮೇಲೆ ಬಟ್ಟಲಿನಲ್ಲೂ ಒಂಚೂರು ಹಸಿರು ಮಿಣುಕಿತು. ಅದು ಮ್ಯಾಂಗನೀಸ್. ಗಾಜಿನ ಬಣ್ಣ ತಿಳಿಯಾಗಲಿ ಅಂತ ಹಾಕುತ್ತಿದ್ದದ್ದು. ಅದೂ ಹಸಿರಾಗಿಯೇ ಮಿನುಗುತ್ತದೆ, ಆದರೆ ಮನಸ್ಸಿಲ್ಲದ ಮನಸ್ಸಿನಿಂದ. ಹರಾಜಿನ ಫೋಟೋದಲ್ಲಿ ಅದು ಅಷ್ಟು ಉರಿದದ್ದು ಹೇಗೆ ಅಂತ ಕ್ಯಾಮೆರಾ ಬಲ್ಲವರೇ ಹೇಳಬೇಕು.

"ಅಮ್ಮಾ, ಶರ್ಟನ್ನೇ ಹರಾಜಿಗೆ ಹಾಕ್ಬಿಡು" ಅಂದ ಮಗ ಕತ್ತಲೆಯಲ್ಲಿ.

ಇನ್ನು ಹರಾಜಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಗರಿಷ್ಠ ಮೊತ್ತವನ್ನು ಗುಟ್ಟಾಗಿ ಬರೆದಿಡಿ, ಉಳಿದದ್ದನ್ನು ಕಂಪ್ಯೂಟರು ನೋಡಿಕೊಳ್ಳುತ್ತದೆ. ಗೆದ್ದವರು ಕೊಡುವುದು ತಾವು ಬರೆದಷ್ಟನ್ನಲ್ಲ, ಎರಡನೆಯವರು ಬರೆದದ್ದಕ್ಕಿಂತ ಒಂದು ಮೆಟ್ಟಿಲು ಹೆಚ್ಚು, ಅಷ್ಟೇ. ವಿಲಿಯಂ ವಿಕ್ರಿ ಅನ್ನುವ ಅರ್ಥಶಾಸ್ತ್ರಜ್ಞ 1961ರಲ್ಲೇ ಈ ಬಗೆಯ ಹರಾಜಿನ ಲೆಕ್ಕ ಹಾಕಿ, ಇದರಲ್ಲಿ ಮನಸ್ಸಿನಲ್ಲಿ ಇರುವುದನ್ನೇ ಬರೆಯುವುದು ಜಾಣತನ ಅಂತ ತೋರಿಸಿಕೊಟ್ಟಿದ್ದರು. 1996ರಲ್ಲಿ ಅವರಿಗೆ ನೊಬೆಲ್ ಬಂತು. ಆ ಪ್ರಕಾರ ಮೊತ್ತ ಬರೆದು ನೆಮ್ಮದಿಯಾಗಿ ಮಲಗಬೇಕು. ಯಾರು ಮಲಗುತ್ತಾರೆ ಹೇಳಿ? ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕನ್‌ಫೆಲ್ಸ್ ಅನ್ನುವ ಅರ್ಥಶಾಸ್ತ್ರಜ್ಞರು 2002ರಲ್ಲಿ ಇದನ್ನೇ ಪರೀಕ್ಷಿಸಿ ಬರೆದರು. ಗಡಿಯಾರಕ್ಕೆ ಸರಿಯಾಗಿ ಹರಾಜು ಮುಗಿಯುವ ಕಡೆ ಜನ ಕೊನೇ ಗಳಿಗೆಗೆ ಹೊಂಚು ಹಾಕುತ್ತಾರೆ. ಕೊನೆಯಲ್ಲಿ ಕೂಗು ಬಂದರೆ ಸಮಯ ಮುಂದಕ್ಕೆ ಹೋಗುವ ಕಡೆ ಈ ಹೊಂಚು ಕಡಿಮೆ. ನಾನು ಕೊಳ್ಳುವ ಜಾಗ ಮೊದಲನೇ ಥರದ್ದು. ಅಲ್ಲಿ ಕೊನೆಯ ಹತ್ತು ಸೆಕೆಂಡಿನಲ್ಲಿ ಹರಾಜು, ಅದಕ್ಕೆ ಮುಂಚೆ ಬರೀ ಮೌನವ್ರತ.

ನನ್ನ ಎದುರಾಳಿ ಒಬ್ಬರಿದ್ದಾರೆ. ಗುಟ್ಟು ಕಾಯಲು ಹೆಸರಿನ ಮೊದಲ ಮತ್ತು ಕೊನೆಯ ಅಕ್ಷರ ಬಿಟ್ಟು ನಡುವೆಲ್ಲ ನಕ್ಷತ್ರ ಹಾಕಿರುತ್ತಾರೆ. ಅದಕ್ಕೇ ನಾನು ಇಟ್ಟ ಹೆಸರು ನಕ್ಷತ್ರಿಕ. ಹರಿಶ್ಚಂದ್ರನ ಬೆನ್ನು ಬಿದ್ದವನಿಗಿಂತ ಈ ನಕ್ಷತ್ರಿಕನೇ ಮೇಲು. ನನಗೆ ಏನು ಇಷ್ಟವೋ ಅವರಿಗೂ ಅದೇ ಇಷ್ಟ. ಒಂದು ಸೆಂಟಿನ ಸೀಸೆ ಬಂತು. ತಿಳಿಗಾಜು, ಹೆಗಲಿನ ಮೇಲೆ ಎಲೆಗಳ ಕೆತ್ತನೆ, ಗಾಜಿನದೇ ಬಿರಡೆ. ಇಂಥ ಸೀಸೆಯಲ್ಲಿ ಜೀವ ಇರುವುದು ಬಿರಡೆಯಲ್ಲಿ. ಒಳ್ಳೆಯ ಕಾರ್ಖಾನೆಗಳಲ್ಲಿ ಪ್ರತಿ ಬಿರಡೆಯನ್ನೂ ಅದರದೇ ಸೀಸೆಯ ಕುತ್ತಿಗೆಗೆ ಕೂರುವ ಹಾಗೆ ಉಜ್ಜಿ, ಎರಡಕ್ಕೂ ಒಂದೇ ನಂಬರು ಗೀರುತ್ತಿದ್ದರು. ಇದರಲ್ಲಿ ಎರಡೂ ನಂಬರು ತಾಳೆಯಾಗುತ್ತಿದ್ದವು. ನಕ್ಷತ್ರಿಕರು ಕೊನೇ ಸೆಕೆಂಡಿನವರೆಗೂ ಏರಿಸಿದರು, ನಾನೂ ಬಿಡಲಿಲ್ಲ. ಸೀಸೆ ನನ್ನದಾಯಿತು. ಬೆಲೆ ಎಷ್ಟಾಯಿತು ಅನ್ನುವುದು ನನಗೂ ಬ್ಯಾಂಕಿಗೂ ಬಿಟ್ಟ ವಿಷಯ.

ಕಪಾಟು ತುಂಬಿತು, ಏನನ್ನಾದರೂ ಕಳಿಸಲೇಬೇಕಾಯಿತು. ಸೀಸೆಗೆ ಅಷ್ಟು ಬೆಲೆ ಬಂದಿತ್ತಲ್ಲ, ಅದನ್ನೇ ಮಾರೋಣ ಅಂತ ಹರಾಜಿಗೆ ಹಾಕಿದೆ. ವಕೀಲಿ ಕೆಲಸ ಶುರು. 'ಮುಕ್ಕಿಲ್ಲ, ಬಿರುಕಿಲ್ಲ, ಫೋಟೋ ನೋಡಿ.' ಕೂಡಲೇ ಪ್ರಶ್ನೆಗಳು ಬಂದವು. ಒಬ್ಬರಿಗೆ ತಳದ ಫೋಟೋ ಬೇಕು. ಒಬ್ಬರಿಗೆ ಪಕ್ಕದಲ್ಲಿ ನಾಣ್ಯ ಇಟ್ಟು ತೆಗೆದ ಫೋಟೋ ಬೇಕು. ಇನ್ನೊಬ್ಬರಿಗೆ ಹೆಬ್ಬೆರಳು ತೆಗೆದ ಫೋಟೋ ಬೇಕು. ನನ್ನ ಹೆಬ್ಬೆರಳು ಏನು ಮುಚ್ಚುತ್ತಿದೆ ಅಂತ ಅನುಮಾನ! ಎಂಥೆಂಥ ಜನ ಇರುತ್ತಾರೆ ನೋಡಿ. ಇಷ್ಟು ಕೇಳಿದವರಲ್ಲಿ ಒಬ್ಬರೂ ಕೂಗಲಿಲ್ಲ.

ಕೂಗಿದವರು ನಕ್ಷತ್ರಿಕರು, ಅವರೊಬ್ಬರೇ. ಆರಂಭದ ಬೆಲೆಗೆ ಸೀಸೆ ಅವರ ಪಾಲಾಯಿತು. ಹರಾಜಿನಲ್ಲಿ ಬೆಲೆ ಕಟ್ಟುವವರು ಗೆದ್ದವರಲ್ಲ, ಸೋತವರು. ಹೋದ ಸಲ ನಾನು ಕೊಟ್ಟದ್ದು ನಕ್ಷತ್ರಿಕರು ಕಟ್ಟಿದ ಬೆಲೆ. ಈ ಸಲ ಅವರಿಗೆ ಎದುರಾಗಿ ಏರಿಸಬೇಕಾಗಿದ್ದ ಒಬ್ಬಳೇ ಒಬ್ಬಳು ಎಂದರೆ ನಾನು, ಮಾರುವವರು ತಮ್ಮ ಸಾಮಾನಿಗೆ ತಾವೇ ಕೂಗುವ ಹಾಗಿಲ್ಲ. ನೊಬೆಲ್ ಕೊಟ್ಟವರು ಈ ಭಾಗವನ್ನೂ ಸ್ವಲ್ಪ ಜೋರಾಗಿ ಹೇಳಬಹುದಿತ್ತು.

ಇರಲಿ, ಪ್ಯಾಕಿಂಗ್ ವಿಷಯದಲ್ಲಿ ನನ್ನನ್ನು ಯಾರೂ ಬೊಟ್ಟು ಮಾಡುವ ಹಾಗಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಮ್ಮಲ್ಲಿ ದೊಣ್ಣೆಯ ಕೆಲಸವನ್ನು ಪಾರ್ಸೆಲ್ ಗಾಡಿ ಮಾಡುತ್ತದೆ. ಗಾಜಿಗೆ ಎರಡು ಡಬ್ಬಿ ಬೇಕೇ ಬೇಕು, ಒಂದರೊಳಗೆ ಒಂದು, ನಡುವೆ ಎಲ್ಲ ಕಡೆ ಎರಡು ಇಂಚು ಮೆತ್ತೆ. ಅಲುಗಿಸಿದರೆ ಒಳಗೆ ಸದ್ದಾಗಬಾರದು. ಬಬಲ್ ವ್ರ್ಯಾಪ್ ಅನ್ನು ಮನಸ್ಸು ಬಿಚ್ಚಿ ಸುತ್ತಬೇಕು. 1957ರಲ್ಲಿ ಆಲ್ಫ್ರೆಡ್ ಫೀಲ್ಡಿಂಗ್, ಮಾರ್ಕ್ ಶಾವನ್ ಇಬ್ಬರೂ ಸೇರಿ ಅದನ್ನು ಮಾಡಿದ್ದು ಗೋಡೆಗೆ ಅಂಟಿಸುವ ವಾಲ್‌ಪೇಪರ್ ಆಗಲಿ ಅಂತ. ಪುಣ್ಯಕ್ಕೆ ಅದು ಯಾರಿಗೂ ಹಿಡಿಸಲಿಲ್ಲ. ಮುಖ್ಯವಾಗಿ, ಬಿರಡೆಯನ್ನು ಸೀಸೆಯ ಬಾಯಲ್ಲಿಟ್ಟು ಕಳಿಸಬಾರದು. ದಾರಿಯುದ್ದಕ್ಕೂ ಕುಲುಕಿ ಕುತ್ತಿಗೆ ಸೀಳುತ್ತದೆ. ಬೇರೆಯಾಗಿ ಸುತ್ತಿ, ಬೇರೆ ಮೂಲೆಯಲ್ಲಿ ಇಡಬೇಕು. ಹಾಗೇ ಇಟ್ಟೆ. 'ಬಿರಡೆ ಬೇರೆ ಸುತ್ತಿದೆ' ಅಂತ ಚೀಟಿಯನ್ನೂ ಹಾಕಿದೆ.

ಪಾರ್ಸೆಲ್ ತಲುಪಿದ ಸಂಜೆ ಮೆಸೇಜು ಬಂತು. "ಸೀಸೆ ಕ್ಷೇಮ. ಬಿರಡೆ ಎಲ್ಲಿ?"

"ಡಬ್ಬಿಯಲ್ಲೇ ಇದೆ, ಎಡಗಡೆ ಮೂಲೆ, ಸಣ್ಣ ಗಂಟು. ಚೀಟಿ ನೋಡಿ" ಅಂತ ಬರೆದೆ.

ಬಹಳ ಹೊತ್ತು ಉತ್ತರ ಇಲ್ಲ. ಆಮೇಲೆ ಒಂದು ಸಾಲು: "ಕಾಗದ ಎಲ್ಲಾ ಕಸದ ಗಾಡಿಗೆ ಹೋಯ್ತು ಮೇಡಂ."

ಗಾಜಿನ ಲೋಕದಲ್ಲಿ ಇದು ಹೊಸತೇನಲ್ಲ. ದಾರಿಯಲ್ಲಿ ಒಡೆಯದೆ ಉಳಿದುಕೊಂಡ ಎಷ್ಟೋ ಮುಚ್ಚಳ, ಬಿರಡೆಗಳು ಬಿಚ್ಚುವವರ ಅವಸರಕ್ಕೆ ಕಸ ಸೇರಿವೆ. ಮುಂದಿನ ವಾರ ಹರಾಜು ನೋಡುತ್ತಾ ಕೂತಿದ್ದೆ. ಹೆಗಲಿನ ಮೇಲೆ ಎಲೆಗಳ ಕೆತ್ತನೆ, ತಿಳಿಗಾಜು, ಕಪ್ಪು ಬಟ್ಟೆಯ ಮೇಲೆ ಒಂಟಿಯಾಗಿ ನಿಂತಿದೆ. ಬಾಯಲ್ಲಿ ಒಂದು ಗುಲಾಬಿ. ಕೆಳಗೆ ಬರೆದಿತ್ತು: 'ಅಪರೂಪದ ಪುಟ್ಟ ಹೂದಾನಿ. ನನಗೆ ಗಾಜಿನ ಬಗ್ಗೆ ಏನೂ ಗೊತ್ತಿಲ್ಲ.'

ಇನ್ನೂ ಯಾರೂ ಕೂಗಿಲ್ಲ. ಈ ಸಲ ನಕ್ಷತ್ರಿಕರು ಕೂಗುವ ಹಾಗಿಲ್ಲ ಅಲ್ವಾ? ನೋಡ್ತಾ ಇದ್ದೀನಿ.